ಸೀಗಡಿಗಳಿಗೆ ಮಡಿನೀರು

ಸಿಟ್ಟು ಇಳಿದ ಮೇಲೆ ಬರೆದರಾಯಿತು ಎಂದು ಇದನ್ನು ಬಹಳ ವರ್ಷ ಮುಂದೂಡಿದೆ. ಇಳಿಯಲಿಲ್ಲ. ನನ್ನ ರಕ್ತದೊತ್ತಡ ನೋಡುವ ಡಾಕ್ಟರು ಉಪ್ಪು ಬಿಡಿ ಎಂದರು, ಬಿಟ್ಟೆ. ಸಿಟ್ಟು ಬಿಡಿ ಎಂದರು, ಡಾಕ್ಟರನ್ನು ಬದಲಾಯಿಸಿದೆ. ವಿಷಯವೇನೋ ಸಣ್ಣದು. ನಿಜಾಮರ ರಾಜ್ಯವಿದ್ದಾಗ, ತಾಂಡೂರಿನ ಒಂದು ಬಾಡಿಗೆ ಮನೆಯಲ್ಲಿ, ಇಪ್ಪತ್ತೊಂದು ಸೀಗಡಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೀವಂತವಾಗಿಡಲು ನಾನು ಪಟ್ಟ ಪಾಡು. ತಿನ್ನುವುದಕ್ಕಲ್ಲ. ನಾವು ಲಿಂಗ ಕಟ್ಟಿದ ಮನೆತನದವರು. ನಮ್ಮ ಅಡುಗೆಮನೆಯಲ್ಲಿ ಮೀನಿನ ಹೆಸರೆತ್ತಿದವರು ಬಾಯಿ ಮುಕ್ಕಳಿಸಿ ಬರಬೇಕಿತ್ತು.

ನನಗಾಗ ಇಪ್ಪತ್ತಮೂರು. ತಾಂಡೂರಿನ ಸರಕಾರಿ ಶಾಲೆಯಲ್ಲಿ, ಅಂದರೆ ಆಗಿನವರು ಮದರಸಾ ಎನ್ನುತ್ತಿದ್ದ ಕಡೆ, ಹಂಗಾಮಿ ಮಾಸ್ತರ. ಪಾಠ ಉರ್ದುವಿನಲ್ಲಿ, ಮನೆಮಾತು ಕನ್ನಡ, ಪೇಟೆಯದು ತೆಲುಗು. ಬೈಗುಳ ಮಾತ್ರ ಭೇದಭಾವವಿಲ್ಲದೆ ಮೂರರಲ್ಲೂ ನಡೆಯುತ್ತಿತ್ತು. ನಮ್ಮೂರು ನಾರಾಯಣಖೇಡ. ಅಪ್ಪ ಅಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ. ಮಗ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಉಂಡು ಕೆಟ್ಟುಹೋಗಬಾರದೆಂದು ತನ್ನ ಅಕ್ಕನನ್ನು, ಅಂದರೆ ನನ್ನ ಸೋದರತ್ತೆಯನ್ನು, ಕಾವಲಿಗೆ ಕಳಿಸಿದ. ಅತ್ತೆಯ ಜೊತೆ ಅವಳ ತಾಮ್ರದ ಹಂಡೆಯೂ ಬಂತು. ದಿನಾ ಬೆಳಿಗ್ಗೆ ಅದಕ್ಕೆ ಹುಣಸೆಹಣ್ಣು ಹಚ್ಚಿ, ಒಳಗೂ ಹೊರಗೂ ತಿಕ್ಕಿ, ಮದುಮಗಳ ಹಾಗೆ ಹೊಳೆಯುವಂತೆ ಮಾಡಿ, ತಾನೇ ಬಾವಿಯಿಂದ ಸೇದಿ ತಂದ ನೀರು ತುಂಬಿಡುತ್ತಿದ್ದಳು. ಅದು ಮಡಿನೀರು. ಪೂಜೆಗೂ ಅದೇ, ಕುಡಿಯಲಿಕ್ಕೂ ಅದೇ. ನಾನು ಸಹ ಸ್ನಾನವಿಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ. ಮದರಸಾದಲ್ಲಿ ಯಾರ್‍ಯಾರನ್ನು ಮುಟ್ಟಿ ಬಂದಿದ್ದೆನೋ ಯಾರಿಗೆ ಗೊತ್ತು.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿಯೊಂದು ಶಾಲೆಯಲ್ಲೂ ಒಂದು ಜೀವಂತ ಪ್ರಾಣಿಯನ್ನು ಸಾಕತಕ್ಕದ್ದು. ಮಕ್ಕಳು ಅದನ್ನು ನೋಡಿ ಸೃಷ್ಟಿಯ ವೈಚಿತ್ರ್ಯವನ್ನು ಅರಿಯತಕ್ಕದ್ದು. ತಪಾಸಣೆಗೆ ಬರುವ ಸಾಹೇಬರಿಗೆ ಅದನ್ನು ತೋರಿಸತಕ್ಕದ್ದು. ನಮ್ಮ ಹೆಡ್ ಮಾಸ್ತರರು ಬೇಸಿಗೆಯಲ್ಲೂ ಶೇರವಾನಿಯ ಮೇಲಿನ ಗುಂಡಿ ಬಿಚ್ಚದ ಮನುಷ್ಯ. ಪ್ರಾಣಿಗಳ ವಿಷಯದಲ್ಲಿ ಅವರು ಮೊದಲೇ ಕೈಸುಟ್ಟುಕೊಂಡಿದ್ದರು. ಹಿಂದಿನ ಊರಿನಲ್ಲಿ ಅವರು ಒಂದು ಗಿಣಿ ಸಾಕಿದ್ದರಂತೆ. ಗಿಣಿ ಮದರಸಾದ ಹುಡುಗರಿಂದಲೇ ವಿದ್ಯಾಭ್ಯಾಸ ಪಡೆಯಿತು. ತಪಾಸಣೆಯ ದಿನ ಅದು ಸಾಹೇಬರ ತಾಯಿಯನ್ನು ಕುರಿತು ಎರಡು ಮಾತುಗಳನ್ನು ಅತ್ಯಂತ ಸ್ಪಷ್ಟವಾದ ಉಚ್ಚಾರದಲ್ಲಿ ಆಡಿತು. ಹೆಡ್ ಮಾಸ್ತರರು ತಾಂಡೂರಿಗೆ ವರ್ಗವಾಗಿ ಬಂದದ್ದು ಹಾಗೆ.

"ಮಾಸ್ಟರ್ ಸಾಬ್," ಎಂದರು ನನಗೆ, "ಬೇಜುಬಾನ್ ಜಾನ್ವರ್ ಹೋನಾ. ಮಾತು ಬರಲಾರದ ಪ್ರಾಣಿ ಹುಡಕ್ರಿ."

"ಮೊಲ ತರೂನೇನ್ರಿ?"

"ಮೊಲಾ ತಪಾಸಣಿತನಕ ಉಳೀತದೇನು? ಯಾರರೆ ತಿಂದು ಬಿಡ್ತಾರ."

"ಆಮೆ?"

"ಆಮಿ ಸತ್ತದೋ ಬದುಕ್ಯದೋ ಅಂತ ಸಾಹೇಬ್ರಿಗೆ ನಾ ಹ್ಯಾಂಗ್ ತೋರಸ್ಲಿ?"

ನಮ್ಮ ಈ ಉನ್ನತ ಸಮಾಲೋಚನೆಯನ್ನು ಅಂಗಳದ ಬೇಲಿ ಕಟ್ಟುತ್ತಿದ್ದ ಒಬ್ಬ ಮನುಷ್ಯ ಕೇಳಿಸಿಕೊಳ್ಳುತ್ತಿದ್ದ. ಯಾಲಾಲದ ದಾರಿಯಲ್ಲಿ, ಊರ ಹೊರಗಿನ ಕೇರಿಯವನು. ನಲವತ್ತು ದಾಟಿದ್ದ, ಮೀಸೆಯಲ್ಲಿ ಬಿಳಿ ಬಂದಿತ್ತು. ನನಗಿಂತ ಅಷ್ಟು ದೊಡ್ಡವನು ನನಗೆ 'ರೀ' ಎನ್ನುತ್ತಿದ್ದ, ನಾನು ಅವನಿಗೆ 'ನೀ' ಎನ್ನುತ್ತಿದ್ದೆ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಆಗ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಅನಿಸುತ್ತಿದ್ದಿರಬೇಕು, ಆ ಒಬ್ಬ ನಾನಲ್ಲ.

"ಹೊಳ್ಯಾಗಿನ ಸೀಗಡಿ ಇಟ್ರ ಹ್ಯಾಂಗ್ರಿ ಸಾಬ್?" ಎಂದ ಅವನು, ಕೈಯ ಕೆಲಸ ನಿಲ್ಲಿಸದೆ. "ಕಾಚಿನ ಪೆಟ್ಟಿಗ್ಯಾಗ ಹಾಕಿದ್ರ ಆರಪಾರ ಕಾಣ್ತಾವ. ತಿಂದಿದ್ದು ಹೊಟ್ಟ್ಯಾಗ ಹೋಗೂದೂ ಕಾಣ್ತದ. ಕಚ್ಚಂಗಿಲ್ಲ, ಒದರಂಗಿಲ್ಲ."

"ಮಾತಾಡ್ತಾವೇನು?" ಹೆಡ್ ಮಾಸ್ತರರು ಕಣ್ಣು ಕಿರಿದು ಮಾಡಿ ಕೇಳಿದರು.

"ಆಡ್ತಿರಬೇಕ್ರಿ. ನಮಗ ಕೇಳಸಂಗಿಲ್ಲ."

ಹೆಡ್ ಮಾಸ್ತರರ ಮುಖ ಅರಳಿತು. ಮದರಸಾಕ್ಕೆ ಒಬ್ಬ ಮಾಲಿಯ ಜಾಗ ಮಂಜೂರಾಗಿ ಖಾಲಿ ಬಿದ್ದಿತ್ತು. ತಪಾಸಣೆಯ ಸಾಹೇಬರು ಸಹಿ ಹಾಕಿದರೆ ಆಯಿತು. "ನೀ ಇವನ್ನ ಸಾಹೇಬ್ರು ಬರೋತನಕ ಜಿಂದಾ ಇಡು," ಎಂದರು ಅವನಿಗೆ. "ಇವನೇ ಸಾಕ್ಯಾನ, ಇವನ್ನೇ ಮಾಲಿ ಮಾಡ್ರಿ ಅಂತ ನಾ ಹೇಳ್ತೀನಿ." ಒಳ್ಳೆಯ ಮನುಷ್ಯ, ಹೇಳುತ್ತೇನೆಂದರೆ ಹೇಳುವವರೇ.

ಆ ಜಾಗ ಅವನಿಗೆ ಏನಾಗಿತ್ತು ಎನ್ನುವುದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಅವನು ಬೇಲಿ ಕಟ್ಟುತ್ತಿದ್ದದ್ದು ಕೂಲಿಗಲ್ಲ, ಬಿಟ್ಟಿಗೆ. ಊರಿಗೆ ಯಾವ ಅಧಿಕಾರಿ ಬಂದರೂ ಪೊಲೀಸ್ ಪಟೇಲನ ಆಳು ಆ ಕೇರಿಯ ಬಾಯಿಗೆ ಬಂದು ನಿಂತು, ಕಣ್ಣಿಗೆ ಬಿದ್ದವನನ್ನು ಕರೆಯುತ್ತಿದ್ದ. ಟ್ರಂಕು ಹೊರು, ಕಟ್ಟಿಗೆ ಒಡಿ, ಬಂಗಲೆ ಗುಡಿಸು. ದುಡ್ಡಿಲ್ಲ, ರೊಟ್ಟಿಯಿಲ್ಲ, ಆ ದಿನದ ಹೊಲದ ಕೂಲಿಯೂ ಹೋಯಿತು. ಒಲ್ಲೆ ಎಂದವನ ಬೆನ್ನಿನ ಗತಿ ಕೇರಿಗೆಲ್ಲ ಗೊತ್ತಿತ್ತು. ಇದರಿಂದ ತಪ್ಪಿಸಿಕೊಳ್ಳುವ ದಾರಿ ಒಂದೇ: ಎದೆಯ ಮೇಲೆ ಸರಕಾರದ ಹಿತ್ತಾಳೆ ಬಿಲ್ಲೆ. ಬಿಲ್ಲೆ ತೊಟ್ಟವನು ಸರಕಾರದ ಆಳು. ಅವನನ್ನು ಪಟೇಲನ ಅಪ್ಪನೂ ಬಿಟ್ಟಿಗೆ ಕರೆಯುವಂತಿಲ್ಲ.

ಆ ಸಂಜೆ ದಾರಿಯಲ್ಲಿ ಅವನು ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಬರುತ್ತ ಕೇಳಿದ. "ಮಾಸ್ತರ್ರ, ಮಾಲಿಗೂ ಬಿಲ್ಲಿ ಕೊಡ್ತಾರೇನ್ರಿ?"

"ಕೊಡ್ತಾರ."

"ಖರೇನ?"

"ಖರೇನ. ಪಗಾರ ಮಾತ್ರ ತಿಂಗಳಾ ತಡಾ ಆಗ್ತದ."

"ಪಗಾರ ವರ್ಷಾ ತಡಾ ಆಗ್ಲಿ ಬಿಡ್ರಿ," ಎಂದ. "ಬಿಲ್ಲಿ ಮೊದ್ಲ ಕೊಡ್ಲಿ."

ಪೆಟ್ಟಿಗೆಯನ್ನು ಜಹೀರಾಬಾದಿನ ಒಬ್ಬ ಲಾಟೀನು ರಿಪೇರಿಯವನು ಮಾಡಿಕೊಟ್ಟ. ಯಾರದೋ ಔಷಧಿ ಅಲಮಾರಿಯ ಗಾಜು, ತಗಡಿನ ಚೌಕಟ್ಟು, ಸಂದಿಗಳಿಗೆ ಅಗಸೆಯೆಣ್ಣೆಯಲ್ಲಿ ಕಲಸಿದ ಸೀಮೆಸುಣ್ಣ. ಮೊದಲ ಮೂರು ದಿನ ಅದು ಸೋರಿತು. ಆಮೇಲೆ ಬೇಸತ್ತು ನಿಂತಿತು. ಮದರಸಾದ ಕೋಣೆಗಳಿಗೆ ಬಾಗಿಲುಗಳಿರಲಿಲ್ಲ, ಮೇಕೆಗಳು ಹಾಜರಿಯಲ್ಲಿ ಹುಡುಗರಿಗಿಂತ ಮುಂದಿದ್ದವು. ಹೀಗಾಗಿ ಪೆಟ್ಟಿಗೆ ನನ್ನ ಮನೆಯ ಮುಂದಿನ ಕಟ್ಟೆಯ ಮೇಲೆ, ಸೂರಿನ ನೆರಳಿನಲ್ಲಿ ಬಂದು ಕೂತಿತು. ಅವನು ತಳಕ್ಕೆ ಕಾಗಿಣಾ ಹೊಳೆಯ ಮರಳು ಹಾಸಿದ, ಪಾಚಿ ಹತ್ತಿದ ನಾಲ್ಕು ಕಲ್ಲಿಟ್ಟ, ತಾಂಡೂರಿನ ಫರಸಿಗಲ್ಲಿನ ಒಂದು ಚೂರು ಇಟ್ಟ. "ಸುಣ್ಣದ ಕಲ್ಲದ್ರಿ. ಇವುಗಳ ಚಿಪ್ಪು ಗಟ್ಟಿ ಆಗ್ತದ." ಕೊನೆಗೆ ಮಣ್ಣಿನ ಗಡಿಗೆಯಿಂದ ಇಪ್ಪತ್ತೊಂದು ಜೀವಗಳನ್ನು ಒಂದೊಂದಾಗಿ ಎಣಿಸಿ ಬಿಟ್ಟ. ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು. ನೀರನ್ನೇ ಕತ್ತರಿಸಿ ಹೊಲಿದ ಹಾಗೆ ಮೈ, ಅದಕ್ಕೆರಡು ಕಪ್ಪು ಸಾಸಿವೆ ಕಣ್ಣು.

ಆಮೇಲೆ ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು ನನಗೆ ಪಾಠ ಹೇಳಿದ.

"ಎಲ್ಲಾ ನೀರು ಒಮ್ಮೆಲೆ ತೆಗೀಬ್ಯಾಡ್ರಿ. ದಿನಾ ಒಂದು ಕುಡಿಕಿ ಹಳೇದು ತೆಗೀರಿ, ಒಂದು ಕುಡಿಕಿ ಹೊಳೀ ನೀರು ಹಾಕ್ರಿ. ನೀರು ನಾ ತರ್ತೀನಿ. ಪಾಚಿ ತಿಕ್ಕಬ್ಯಾಡ್ರಿ, ಅದೇ ಅವುಗಳ ರೊಟ್ಟಿ. ಎರಡು ದಿನಕ್ಕೊಮ್ಮಿ ಕುದಿಸಿದ್ದು ಪಾಲಕದ ಎಲಿ ಒಂದು, ಉಗುರಿನಷ್ಟ. ಮತ್ತ ತಾಮ್ರ ತೋರಸಬ್ಯಾಡ್ರಿ."

"ತಾಮ್ರ? ಅದ್ಯಾಕ?"

"ತಾಮ್ರದ ಕೊಡದಾಗಿನ ನೀರಿಗಿ ಇವು ಉಳಿಯಂಗಿಲ್ರಿ. ಗಾಳಕ್ಕ ಹಚ್ಚಾಕ ಜೀವಂತ ಇಟ್ಟಕೋಬೇಕಂದ್ರ ನಾವು ಮಣ್ಣಿನ ಗಡಿಗ್ಯಾಗೇ ಇಡ್ತೀವಿ."

ನಾನು ನಕ್ಕೆ. "ನಮ್ಮತ್ತಿ ಅರವತ್ತು ವರ್ಷ ಅದೇ ನೀರು ಕುಡುದು ಗುಂಡುಕಲ್ಲು ಆಗ್ಯಾಳ ನೋಡು."

"ನಿಮ್ಮ ಅತ್ತಿಯವ್ರು ಸೀಗಡಿ ಅಲ್ಲಲ್ರಿ," ಎಂದ ಅವನು, ಬಹಳ ಮರ್ಯಾದೆಯಿಂದ.

ನಾನು ಲೋಹಗಳ ಗುಣಧರ್ಮದ ಬಗ್ಗೆ ಉರ್ದುವಿನಲ್ಲಿ ಒಂದು ಅಧ್ಯಾಯ ಓದಿ ಪಾಸಾದವನು. ತಾಮ್ರ ಕೊಳ್ಳಲಾಗದವರು ತಾಮ್ರದ ಮೇಲೆ ಕಟ್ಟಿಕೊಂಡ ಮೂಢನಂಬಿಕೆ ಇದು ಎಂದು ಅಲ್ಲೇ ತೀರ್ಮಾನಿಸಿದೆ. ಮಿಕ್ಕ ನಿಯಮಗಳನ್ನೆಲ್ಲ ಮನೆಗೆ ಹೋಗಿ ಅತ್ತೆಗೆ ಒಪ್ಪಿಸಿದೆ. ತಾಮ್ರದ್ದನ್ನು ಮಾತ್ರ ಬಿಟ್ಟೆ. ನನ್ನ ಸಿಟ್ಟಿನ ಹುಡುಕಾಟ ಎಲ್ಲೆಲ್ಲೋ ತಿರುಗಿ ಕೊನೆಗೆ ಬಂದು ನಿಲ್ಲುವ ಮೊದಲನೆಯ ಜಾಗ ಇದು. ಇನ್ನೂ ಎರಡಿವೆ.

ಅತ್ತೆ ಮೊದಲ ವಾರ ಕಟ್ಟೆಯ ಕಡೆ ತಿರುಗಿ ನೋಡಲಿಲ್ಲ. ಎರಡನೆಯ ವಾರ ಬಾಗಿಲ ಸಂದಿಯಿಂದ ನೋಡಿದಳು. ಒಂದು ಬೆಳಿಗ್ಗೆ ಚೀರಿದಳು. "ಏ ತಮ್ಮಾ, ಒಂದು ಸತ್ತದ ನೋಡೋ!" ಓಡಿ ಹೋಗಿ ನೋಡಿದರೆ ಮರಳಿನ ಮೇಲೆ ಒಂದು ಸೀಗಡಿ ಬಿದ್ದಿತ್ತು: ಕಾಲು, ಮೀಸೆ, ಬಾಲ ಎಲ್ಲ ಸರಿಯಾಗಿ, ಆದರೆ ಒಳಗೆ ಏನೂ ಇಲ್ಲ. ನಾನು ಗಂಭೀರವಾಗಿ ಅದನ್ನೆತ್ತಿ ತುಳಸಿಯ ಬುಡದಲ್ಲಿ ಮಣ್ಣು ಮಾಡಿದೆ. ಅತ್ತೆ ಮೇಲೆ ಎರಡು ಹೂ ಹಾಕಿದಳು. ಆಮೇಲೆ ಎಣಿಸಿದರೆ ಪೆಟ್ಟಿಗೆಯಲ್ಲಿ ಇಪ್ಪತ್ತೊಂದೇ ಇದ್ದವು.

ನೀರು ತಂದವನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂಗಿ ಬಿಚ್ಯದ್ರಿ ಅದು! ಬೆಳದಂಗ ಹಳೇ ಅಂಗಿ ಕಳೀತಾವ. ನೀವು ಅಂಗೀಗಿ ಮಣ್ಣು ಕೊಟ್ಟೀರಿ."

ಅತ್ತೆಗೆ ಆ ದಿನದಿಂದ ಅವುಗಳ ಮೇಲೆ ಮಮತೆ ಹುಟ್ಟಿತು. ತಾಸುಗಟ್ಟಲೆ ಕಟ್ಟೆಯ ಮೇಲೆ ಕೂತು ನೋಡತೊಡಗಿದಳು. ಮುಂಗಾಲುಗಳಿಂದ ಪಾಚಿಯನ್ನು ಗಿಂಜಿ ಗಿಂಜಿ ಬಾಯಿಗಿಡುವುದು ನೋಡಿ, "ಜಪಾ ಮಾಡ್ತಾವಲ್ಲೋ," ಎಂದಳು. ಇನ್ನೊಂದು ದಿನ ದೊಡ್ಡದೊಂದು ಧರ್ಮಸೂಕ್ಷ್ಮ ಎತ್ತಿದಳು.

"ಇವಕ್ಕ ನೆತ್ತರಾ ಇಲ್ಲ. ನೋಡು, ಆ ಕಡೀಂದು ಈ ಕಡೀಗಿ ಕಾಣ್ತದ. ನೆತ್ತರಾ ಇಲ್ಲಂದ್ರ ಇವು ಮಾಂಸ ಹ್ಯಾಂಗ ಆದಾವು? ಪಾಚಿ ತಿಂತಾವ, ಪಾಲಕ ತಿಂತಾವ. ನಮ್ಮಂಥವೇ ಬಿಡು."

ಹೀಗೆ ಇಪ್ಪತ್ತೊಂದು ಸೀಗಡಿಗಳು ಯಾವ ದೀಕ್ಷೆಯೂ ಇಲ್ಲದೆ ನಮ್ಮ ಧರ್ಮಕ್ಕೆ ಸೇರಿದವು. ಅವುಗಳನ್ನು ಹಿಡಿದು ತಂದು, ದಿನಾ ಎರಡು ಮೈಲಿ ನಡೆದು ನೀರು ಹೊತ್ತು ಹಾಕುತ್ತಿದ್ದವನು ಮಾತ್ರ ಕಟ್ಟೆಯ ಕೆಳಗೇ ಉಳಿದ. ನಮ್ಮ ಧರ್ಮ ಹುಟ್ಟಿದ್ದೇ ಇಂಥ ಮೈಲಿಗೆಯನ್ನು ಮುರಿಯಲಿಕ್ಕಂತೆ. ಮುರಿದೆವು ಕೂಡ, ಮುರಿದು, ಚೂರುಗಳನ್ನು ಆರಿಸಿಕೊಂಡು, ತಿಕ್ಕಿ ಬೆಳಗಿ ಅಡುಗೆಮನೆಯಲ್ಲಿಟ್ಟುಕೊಂಡೆವು.

ತಪಾಸಣೆಗೆ ನಾಲ್ಕು ದಿನವಿದ್ದಾಗ ಒಂದು ಹೆಣ್ಣು ಸೀಗಡಿಯ ಹೊಟ್ಟೆಯ ಕೆಳಗೆ ಹಸಿರು ಗಸಗಸೆಯಂಥ ತತ್ತಿಗಳು ಕಂಡವು. ಅತ್ತೆಯ ಸಂಭ್ರಮ ಹೇಳತೀರದು. "ಬಸುರಿ ಅದಾಳ," ಎಂದು ಪಕ್ಕದ ಮನೆಗೂ ಹೇಳಿ ಬಂದಳು. ಕಟ್ಟೆಯ ಕೆಳಗಿನವನೂ ಅಂದು ಮೊದಲ ಸಲ ನಿರಾಳವಾಗಿ ಕಂಡ. "ತತ್ತಿ ಹಿಡದಾವಂದ್ರ ನೀರು ಹಿಡಿಸ್ಯದ್ರಿ ಅವಕ್ಕ. ಇನ್ನ ಸಾಹೇಬ್ರು ಬರ್‍ಲಿ," ಎಂದ. ಆದರೆ ಬಿಸಿಲು ಏರುತ್ತಿತ್ತು. ಬೆರಳದ್ದಿ ನೋಡಿ ಅವನೇ ಎಂದ: "ನೀರು ಕಾಯ್ಲಾಕತ್ಯದ. ಪೆಟ್ಟಿಗಿ ಒಳಗ ತಂಪಿನ್ಯಾಗ ಇಡ್ರಿ. ಇಲ್ಲಾಂದ್ರ ಸೋತು ಬೀಳ್ತಾವ."

ಎರಡು ಪಾಲು ನೀರು ತೆಗೆದು, ಪಕ್ಕದ ಮನೆಯವರ ಕೈ ಹಿಡಿಸಿ ಪೆಟ್ಟಿಗೆಯನ್ನು ಪಡಸಾಲೆಗೆ ತಂದೆ. ತೆಗೆದ ನೀರನ್ನು ಮತ್ತೆ ಹಾಕುವಾಗ ಅತ್ತೆ ಅಡ್ಡ ಬಂದಳು.

"ಅದು ಬ್ಯಾಡ."

"ಯಾಕ ಅತ್ತಿ?"

"ಕಟ್ಟಿ ಮ್ಯಾಲಿದ್ದಾಗ ಅದು ಕಟ್ಟೀ ನೀರು. ಒಳಗ ಬಂದ ಮ್ಯಾಲ ಮನೀ ನೀರು. ಅವ ಹೊತ್ತು ತಂದ ನೀರು ಲಿಂಗಪೂಜಿ ಮಾಡೂ ಮನ್ಯಾಗ ನಿಲ್ಲಸಾಕ ನಾ ಒಲ್ಲೆ."

"ಅತ್ತಿ, ಅದು ಹೊಳೀ ನೀರು."

"ಹೊಳ್ಯಾಗ ಇರೋತನಕ ಹೊಳೀದು. ಗಡಿಗ್ಯಾಗ ಬಂದ ಮ್ಯಾಲ ಗಡಿಗಿ ಯಾರದು ಅಂತ ನೋಡಬೇಕಾಗ್ತದ."

ಇಂಥ ತರ್ಕದೆದುರು ನನ್ನ ಅಧ್ಯಾಯಗಳು ನಿಲ್ಲುತ್ತಿರಲಿಲ್ಲ. "ನಾಲ್ಕು ದಿನ ತಡಿ, ಸಾಹೇಬ್ರು ಹೋಗ್ಲಿ," ಎಂದು ಗೋಗರೆದೆ. ಅವಳು ಸುಮ್ಮನಾದಳು. ಸುಮ್ಮನಾಗಿದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ತಪಾಸಣೆಯ ಹಿಂದಿನ ದಿನ ಮದರಸಾ ಮುಗಿಸಿಕೊಂಡು ಮಧ್ಯಾಹ್ನ ಮನೆಗೆ ಬಂದೆ. ಪಡಸಾಲೆಯಲ್ಲಿ ಪೆಟ್ಟಿಗೆ ವಜ್ರದಂತೆ ಹೊಳೆಯುತ್ತಿತ್ತು. ಗಾಜಿನ ಮೇಲೆ ಪಾಚಿಯ ಗುರುತಿಲ್ಲ. ಕಲ್ಲುಗಳನ್ನು ಬೂದಿ ಹಚ್ಚಿ ತಿಕ್ಕಿ ಬೆಳ್ಳಗೆ ಮಾಡಲಾಗಿತ್ತು. ಮರಳು ಏಳು ಸಲ ತೊಳೆದ ಅಕ್ಕಿಯಂತಿತ್ತು. ಹಂಡೆ ಬರಿದಾಗಿತ್ತು. ಅತ್ತೆ ಬೆವರೊರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದಳು, ಮಗಳ ಬಾಣಂತನ ಮಾಡಿ ಮುಗಿಸಿದ ತೃಪ್ತಿಯಲ್ಲಿ.

"ಬಸುರಿ ಇದ್ದಾಕಿ ಆ ಹೊಲಸು ನೀರಾಗ ಹೆರಬೇಕೇನು? ಪೂಜೀ ಹಂಡೇದ ನೀರು ಹಾಕೀನಿ, ಒಂದು ಚಿಟಿಗಿ ವಿಭೂತಿನೂ ಹಾಕೀನಿ. ನೋಡು, ಹ್ಯಾಂಗ ಖುಷೀಲಿ ಕುಣೀಲಾಕತ್ತಾವ!"

ಕುಣಿಯುತ್ತಿದ್ದವು ನಿಜ. ಮೇಲೆ ಕೆಳಗೆ, ಗಾಜಿಗೆ ಡಿಕ್ಕಿ ಹೊಡೆಯುತ್ತ, ಒಂದರ ಮೇಲೊಂದು ಬೀಳುತ್ತ. ಒಂದು ಗಳಿಗೆ ನನಗೂ ಅದು ಖುಷಿಯೆಂದೇ ಕಂಡಿತು. ಆಮೇಲೆ ಒಂದು ಸೀಗಡಿ ನಡುನೀರಿನಲ್ಲಿ ಹಾರುತ್ತಿದ್ದದ್ದು ಸಟ್ಟನೆ ನಿಂತು, ಮಗ್ಗುಲಾಗಿ, ಮರಳಿನ ಮೇಲೆ ಇಳಿಯಿತು. ಈ ಸಲ ಅದು ಅಂಗಿಯಾಗಿರಲಿಲ್ಲ. ಅದರ ಮೈಯೊಳಗೆ ಹಾಲಿನಂಥ ಬಿಳಿ ತುಂಬಿಕೊಳ್ಳುತ್ತಿತ್ತು.

ಬರಿತಲೆಯಲ್ಲಿ ಓಡಿದೆ. ಅವನು ಕೇರಿಯಲ್ಲಿರಲಿಲ್ಲ. ಸಾಹೇಬರು ಇಳಿಯಲಿದ್ದ ಬಂಗಲೆಯ ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದ, ಬಿಟ್ಟಿಗೆ. ನನ್ನ ಮುಖ ನೋಡಿದವನೇ ಕೊಡಲಿ ಬಿಟ್ಟು, "ನೀರು ಬದಲಿ ಮಾಡಿದ್ರೇನ್ರಿ?" ಎಂದ. "ಹಂಡೇದು..." ಎಂದೆ. ಅವನು ಪಟೇಲನ ಆಳಿಗೆ ಕುಡಿಯುವ ನೀರು ತರುತ್ತೇನೆಂದು ಸುಳ್ಳು ಹೇಳಿ, ಹೊಳೆಗೆ ಓಡಿ, ತುಂಬಿದ ಗಡಿಗೆ ಹೊತ್ತುಕೊಂಡು ನಮ್ಮ ಮನೆ ಬಾಗಿಲಿಗೆ ಬಂದಾಗ ಅವನ ಎದೆ ತಿದಿಯಂತೆ ಆಡುತ್ತಿತ್ತು.

"ಪೆಟ್ಟಿಗಿ ಹೊರಗ ತರ್ರಿ!"

ತುಂಬಿದ ಪೆಟ್ಟಿಗೆ, ಒಬ್ಬನಿಂದ ಏಳುವುದಲ್ಲ. ಎತ್ತಲು ಹೋದರೆ ತಗಡು ಕಿರುಗುಟ್ಟಿತು. ಪಕ್ಕದ ಮನೆಗೆ ಬೀಗ. ಅತ್ತೆ ಬಾಗಿಲ ಚೌಕಟ್ಟಿಗೆ ಒಂದು ಕೈಯೂರಿ ನಿಂತಿದ್ದಳು.

"ನಾ ಒಳಗ ಬಂದ್ರ ಎರಡು ನಿಮಿಷದ ಕೆಲಸ್ರಿ," ಎಂದ ಅವನು, ಅತ್ತೆಗಲ್ಲ, ನನಗೆ.

ಆ ಮನೆಯ ಬಾಡಿಗೆ ಕೊಡುತ್ತಿದ್ದವನು ನಾನು. ಬಾ ಎನ್ನಬೇಕಾದವನು ನಾನು. ಅವನು ನನ್ನ ಮುಖ ನೋಡಿದ, ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಹೊಸ್ತಿಲು ನೋಡಿದಳು. ನನ್ನ ಬಾಯಿಂದ ಬಂದದ್ದು ಇಷ್ಟು: "ನೀ ಅಲ್ಲೇ ನಿಂತು ಹೇಳು, ನಾ ಮಾಡ್ತೀನಿ." ಇದು ಎರಡನೆಯ ಜಾಗ.

ಅವನು ಬೀದಿಯಲ್ಲಿ ನಿಂತು ಕೂಗಿ ಹೇಳಿದ, ನಾನು ಒಳಗೆ ಮಾಡಿದೆ. "ಅವನ್ನ ಎತ್ತಿ ನನ್ನ ಗಡಿಗ್ಯಾಗ ತಂದು ಬಿಡ್ರಿ! ಲಗೂ ಲಗೂ!" ಕೈಗೆ ಸಿಕ್ಕ ಚೊಂಬಿನಲ್ಲಿ ನಾನು ಸೀಗಡಿಗಳನ್ನು ಮೊಗೆಯತೊಡಗಿದೆ. ಹೊಸ್ತಿಲಾಚೆಗೆ ಮೂರನೆಯ ಸಲ ತಂದು ಸುರಿಯುವಾಗ ಅವನು ತಲೆ ಚಚ್ಚಿಕೊಂಡ.

"ಮಾಸ್ತರ್ರ! ಆ ಚೊಂಬು ತಾಮ್ರದ್ದ ಅದರೀ!"

ಸಂಜೆಯ ಹೊತ್ತಿಗೆ ಗಡಿಗೆಯಲ್ಲಿ ಎರಡು ಮಾತ್ರ ಕಾಲಾಡಿಸುತ್ತಿದ್ದವು. ಬೆಳಗಾಗುವಷ್ಟರಲ್ಲಿ ಅವೂ ಇರಲಿಲ್ಲ. ತಾಯಿ ಸೀಗಡಿ ಪೆಟ್ಟಿಗೆಯಲ್ಲೇ ಸತ್ತಿತ್ತು, ತತ್ತಿಗಳನ್ನು ಬಿಡದೆ. ಅತ್ತೆ ನಿಜವಾಗಿ ಅತ್ತಳು; ಅಂದು ಉಣ್ಣಲಿಲ್ಲ. "ಆ ಹೊಳೀ ನೀರಿನ ನಂಜು ಮೊದಲೇ ಏರಿತ್ತು. ನಾ ತಡಾ ಮಾಡಿದೆ," ಎಂದಳು. ಸಾಯುವವರೆಗೂ ಹಾಗೆಯೇ ನಂಬಿದ್ದಳು. ಅವಳ ಮೇಲೆ ಸಿಟ್ಟು ಮಾಡಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ, ಆದರೆ ಅದು ಪೂರ್ತಿ ಅವಳ ಮೇಲೆ ನಿಲ್ಲುವುದಿಲ್ಲ. ತಾಮ್ರದ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಬೇರೆ ಸೀಗಡಿ ಹಿಡಿದು ತರಲು ಹೊತ್ತಿರಲಿಲ್ಲ. ಅವನನ್ನು ಬೆಳ್ಳಂಬೆಳಿಗ್ಗೆಯೇ ಬಂಗಲೆಗೆ ಎಳೆದೊಯ್ದಿದ್ದರು. ಹೆಡ್ ಮಾಸ್ತರರು ಕಳಿಸಿದ ಬಂಡಿ ಬಾಗಿಲಿಗೆ ಬಂತು; ಅವರೇ ಕೊಟ್ಟ ರೇಷ್ಮೆ ಅರಿವೆ ಹೊದಿಸಿ ಪೆಟ್ಟಿಗೆಯನ್ನು ಇದ್ದ ಹಾಗೆಯೇ ಮದರಸಾಕ್ಕೆ ಸಾಗಿಸಿದೆವು. ಹೆಡ್ ಮಾಸ್ತರರಿಗೆ ಹೇಳಲು ಬಾಯಿ ತೆರೆದೆ; ಅಷ್ಟರಲ್ಲಿ ಸಾಹೇಬರು ಬಂದೇ ಬಿಟ್ಟರು. ಎತ್ತರದ, ದಣಿದ, ಕೆಟ್ಟವನಲ್ಲದ ಮನುಷ್ಯ. ಹೆಡ್ ಮಾಸ್ತರರು ರೇಷ್ಮೆ ಅರಿವೆಯನ್ನು ದರ್ಬಾರಿನ ಶೈಲಿಯಲ್ಲಿ ಎಳೆದರು. ಶುಭ್ರವಾದ ನೀರಿನ ತಳದಲ್ಲಿ ಬೆಂದ ಅನ್ನದ ಬಣ್ಣದ ಹತ್ತೆಂಟು ಹೆಣಗಳು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಇವು ಹೇಗೆ ಸತ್ತವು ಎಂದು ಉರ್ದುವಿನಲ್ಲಿ ಕೇಳಿದರು. ಹೆಡ್ ಮಾಸ್ತರರು ನನ್ನ ಕಡೆ ನೋಡಿದರು. ಬಾಗಿಲಾಚೆ, ಅಂಗಳದಲ್ಲಿ, ಅವನು ನಿಂತಿದ್ದ. ಸಾಹೇಬರ ಸಾಮಾನು ಹೊತ್ತು ತಂದವನು. ತೊಳೆದ ಧೋತರ ಉಟ್ಟಿದ್ದ.

"ಪಾನಿ ಖರಾಬ್ ಥಾ, ಹುಜೂರ್," ಎಂದೆ. ನೀರು ಕೆಟ್ಟಿತ್ತು.

ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ನಲವತ್ತು ವರ್ಷ ಮಾಸ್ತರಿಕೆ ಮಾಡಿದ್ದೇನೆ. ಇದಕ್ಕಿಂತ ಹೊಲಸಾದ ವಾಕ್ಯವನ್ನು ಯಾವ ವಿದ್ಯಾರ್ಥಿಯ ಕಾಪಿಯಲ್ಲೂ ಕಂಡಿಲ್ಲ.

ನೀರು ತಂದವರು ಯಾರು ಎಂದು ಸಾಹೇಬರು ಕೇಳಿದರು. ಹೆಡ್ ಮಾಸ್ತರರು, ಪಾಪ, ಕೊಟ್ಟ ಮಾತು ನಡೆಸಲು ಇದೇ ಸಂದರ್ಭವೆಂದುಕೊಂಡು ಬಾಗಿಲಾಚೆ ಕೈ ತೋರಿಸಿದರು. ಅವನೇ ಹುಜೂರ್, ಮಾಲಿಯ ಜಾಗಕ್ಕೆ ನಾವು ನೋಡಿರುವವನು. ಸಾಹೇಬರು ಅವನನ್ನೂ ಪೆಟ್ಟಿಗೆಯನ್ನೂ ಒಂದೊಂದು ಸಲ ನೋಡಿದರು. ಮೊಳದುದ್ದದ ಪೆಟ್ಟಿಗೆಗೆ ನೆಟ್ಟಗಿನ ನೀರು ತರಲಾರದವನು ಗಿಡಗಳಿಗೆ ಯಾವ ನೀರು ಹಾಕ್ಯಾನು ಎಂದು ಬೇಸರದಿಂದ ಅಂದು, ಕಾಗದದ ಮೇಲೆ ಒಂದು ಗೆರೆ ಎಳೆದರು.

ನನಗೆ ಬೇಕಾದ ಉರ್ದು ಬಾಯಲ್ಲೇ ಇತ್ತು. ತಪ್ಪು ನನ್ನ ಮನೆಯದು, ನೀರು ನನ್ನ ಮನೆಯದು. ನಾಲ್ಕನೇ ಇಯತ್ತೆಯ ಹುಡುಗ ಕಟ್ಟಬಲ್ಲ ವಾಕ್ಯ. ಆದರೆ ಆ ಕಾಗದದಲ್ಲೇ, ಎಳೆದ ಗೆರೆಯ ಕೆಳಗೆ, ಇನ್ನೊಂದು ಬಾಬಿತ್ತು: ಹಂಗಾಮಿ ಮಾಸ್ತರನನ್ನು ಕಾಯಂ ಮಾಡುವುದು. ಸಾಹೇಬರು ಅಲ್ಲಿ ಸಹಿ ಹಾಕುತ್ತಿದ್ದರು. ಲೇಖನಿಯ ಸಪ್ಪಳ ನಿಲ್ಲುವವರೆಗೆ ನಾನು ಉಸಿರು ಹಿಡಿದು ನಿಂತಿದ್ದೆ. ಮೂರನೆಯ ಜಾಗ ಅದೇ, ಮತ್ತು ಸಿಟ್ಟು ಅಲ್ಲಿಂದ ಮುಂದೆ ಹೋಗುವುದಿಲ್ಲ.

ಮಧ್ಯಾಹ್ನದ ಗಾಡಿಗೆ ಸಾಹೇಬರು ಹೊರಟರು. ಪಟೇಲನ ಆಳು ಅಂಗಳದಲ್ಲಿ ನಿಂತವನ ಕಡೆ ಗದ್ದ ಎತ್ತಿದ, ಅಷ್ಟೇ. ಹೆಸರು ಹಿಡಿದು ಕರೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅವನು ಸಿಂಬಿ ಇಟ್ಟುಕೊಂಡು ಕರಿಯ ಟ್ರಂಕನ್ನು ತಲೆಗೇರಿಸಿದ. ಸ್ಟೇಷನ್ನಿನ ದಾರಿಯಲ್ಲಿ ಸಾಹೇಬರು, ಹೆಡ್ ಮಾಸ್ತರರು ಮುಂದೆ. ನಾನು ಬೇಕೆಂದೇ ಹಿಂದುಳಿದು ಅವನ ಪಕ್ಕಕ್ಕೆ ಬಂದೆ.

"ನಾ ಸಾಹೇಬ್ರಿಗಿ ಹೇಳ್ತೀನಿ," ಎಂದೆ. "ನಿನ್ನ ತಪ್ಪಲ್ಲ, ನಮ್ಮ ಮನೀ ನೀರಿಂದ ಸತ್ತವು ಅಂತ ಹೇಳ್ತೀನಿ."

ಅವನು ನಿಂತ. ತಲೆಯ ಮೇಲೆ ಟ್ರಂಕು ಇದ್ದುದರಿಂದ ಕತ್ತು ಹೊರಳಿಸಲಾಗದೆ, ಇಡೀ ಮೈಯನ್ನು ನನ್ನ ಕಡೆ ತಿರುಗಿಸಿದ.

"ಹೇಳ್ರಿ ಹಂಗಾರ. ಅಲ್ಲೇ ಹೊಂಟಾರ."

ಸಾಹೇಬರು ಹದಿನೈದು ಹೆಜ್ಜೆ ಮುಂದಿದ್ದರು. ಹೆಡ್ ಮಾಸ್ತರರು ಹೇಳಿದ ಯಾವುದೋ ಮಾತಿಗೆ ನಗುತ್ತಿದ್ದರು. ಕೂಗಿದ್ದರೆ ಕೇಳುತ್ತಿತ್ತು. ಅವನು ಕಾದ. ಅವನ ಹಣೆಯಿಂದ ಬೆವರು ಇಳಿದು ಬಿಳಿಮೀಸೆಯಲ್ಲಿ ನಿಂತದ್ದನ್ನು ನಾನು ನೋಡುತ್ತಿದ್ದೆ. ನನ್ನ ಕಾಲುಗಳು ದಾರಿಯ ನಡುವೆ ಇದ್ದಲ್ಲೇ ಇದ್ದವು. ಸಹಿಯ ಮಸಿ ಇನ್ನೂ ಒಣಗಿರಲಿಕ್ಕಿಲ್ಲ ಎಂಬ ಯೋಚನೆಯೊಂದೇ ನನ್ನ ತಲೆಯಲ್ಲಿತ್ತು.

ಸ್ಟೇಷನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. ಅವನು ಟ್ರಂಕನ್ನು ಎರಡೂ ಕೈಯಿಂದ ಸರಿಮಾಡಿಕೊಂಡ.

"ಸರೀರಿ ಮಾಸ್ತರ್ರ," ಎಂದ. "ಭಾರ ಅದ."

ನಾನು ಸರಿದೆ.